ಕಿರುಬೆರಳು

ಪಟ್ಟಿಯ ಹನ್ನೊಂದನೆಯ ಸಾಲಿನಲ್ಲಿ ಯಾರ ಹೆಸರಿದೆ ಎಂದು ಚನ್ನಬಸವನಿಗೆ ಗೊತ್ತಿತ್ತು. ಆದರೂ ಹನೂರಿನಲ್ಲಿ ಕೊಳ್ಳೇಗಾಲದ ಬಸ್ಸು ಹತ್ತಿದ ಮೇಲೆ ಆ ಹಾಳೆಯನ್ನು ಜೇಬಿನಿಂದ ತೆಗೆಯುವುದು, ಹತ್ತನೆಯ ಸಾಲಿನವರೆಗೆ ಓದುವುದು, ಮಡಚಿ ಇಟ್ಟುಕೊಳ್ಳುವುದು, ಹೀಗೇ ಮಾಡುತ್ತಿದ್ದ. ತೊಡೆಯ ಮೇಲೆ ಚೀಲ. ಚೀಲದಲ್ಲಿ ಕಪ್ಪು ರಬ್ಬರಿನ ಮೆತ್ತನೆಯ ಚಪ್ಪಲಿಗಳು, ಪಾದದಲ್ಲಿ ಸ್ಪರ್ಶ ಸತ್ತವರಿಗೆಂದು ಇಲಾಖೆ ಹಂಚುವಂಥವು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಚೀಲದ ಬಾಯೊಳಗೆ ಇಣುಕಿ, "ಚಪ್ಲಿ ಯಾಪಾರವಾ? ನಮ್ಮೆಜಮಾನ್ರಿಗೆ ಇಮ್ಮಡಿ ಒಡೆದು ಓಗದೆ, ಇಂಥ ಮೆತ್ತುಂದು ಸಿಕ್ಕುದ್ರೆ ಬೇಕಾಗಿತ್ತು" ಅಂದಳು. ಅವನು ಹೌದೆಂದು ತಲೆಯಾಡಿಸಿದ, ಎಲ್ಲವೂ ಮಾರಿಹೋಗಿವೆ ಅಂದ. ಅಷ್ಟರಲ್ಲಿ ಕಂಡಕ್ಟರು ಬಂದು ಹಿಂದಿನ ಸೀಟಿಗೂ ಕೇಳುವಂತೆ, "ಸಾ, ನೀವು ಕುಷ್ಠದ ಆಪೀಸ್ನೋರಲ್ವಾ? ನಮ್ಮ ಚಿಕ್ಕಪ್ಪಂಗೆ ನೀವೇ ಮಾತ್ರೆ ಕೊಡ್ತಿದ್ದುದು" ಎಂದು ನಕ್ಕ. ಹೆಂಗಸು ಚೀಲದಿಂದ ದೂರ ಸರಿದು ಕುಳಿತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಮಗೆರೆಯಲ್ಲಿ ಬೇರೆ ಸೀಟು ಖಾಲಿಯಾದ ತಕ್ಷಣ ಎದ್ದುಹೋದಳು. ಅವಳ ಮೇಲೆ ಸಿಟ್ಟು ಬರಬೇಕಿತ್ತು. ಮುಟ್ಟಿದ ಮಾತ್ರಕ್ಕೆ ರೋಗ ಅಂಟುವುದಿಲ್ಲ ಎಂದು ಎಷ್ಟು ಊರುಗಳ ಶಾಲೆಯಲ್ಲಿ, ಎಷ್ಟು ಅರಳಿಕಟ್ಟೆಗಳಲ್ಲಿ ನಿಂತು ಅವನು ಹೇಳಿದ್ದಾನೆ. ಆದರೆ ಅವಳು ಎದ್ದುಹೋದ ರೀತಿ ಅವನಿಗೆ ಚೆನ್ನಾಗಿ ಪರಿಚಯದ್ದು. ಅವನೂ ಒಂದು ಕಾಲದಲ್ಲಿ ಹಾಗೇ ಎದ್ದುಹೋಗಿದ್ದ. ಒಂದು ವ್ಯತ್ಯಾಸವೆಂದರೆ ಎದ್ದುಹೋಗುವುದಕ್ಕೆ ಅವನು ಎಂಟು ತಿಂಗಳು ತೆಗೆದುಕೊಂಡಿದ್ದ.

ಹನ್ನೊಂದನೆಯ ಸಾಲು: ರಂಗರಾಜು, ವಯಸ್ಸು ನಲವತ್ತೇಳು, ಎರಡನೇ ದರ್ಜೆಯ ವಿಕಲತೆ, ಎಡಗೈ ಮತ್ತು ಎಡಪಾದ, ಚಪ್ಪಲಿ ಅಳತೆ ಎಂಟು. ಕೊಳ್ಳೇಗಾಲದ ಆ ಬೀದಿಗಳನ್ನು ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿ ಹೋದ ತಿಂಗಳು ನಿವೃತ್ತನಾದ. ಪಟ್ಟಿ ಚನ್ನಬಸವನ ಮೇಜಿಗೆ ಬಂತು. ಬೇರೆಯವರಿಗೆ ಕೊಡಿ ಎಂದು ಡಾಕ್ಟರನ್ನು ಕೇಳಬಹುದಿತ್ತು. ಯಾಕೆ ಎಂದು ಅವರು ಕೇಳಿದರೆ ಹೇಳಲು ಏನೂ ಇರಲಿಲ್ಲ. ಇತ್ತು, ಹೇಳುವಂಥದ್ದಾಗಿರಲಿಲ್ಲ.

ಎಂಟು ವರ್ಷದ ಹಿಂದೆ, ಆಗ ಅವನಿಗೆ ಇಪ್ಪತ್ತನಾಲ್ಕು. ಕೆಲಸ ಸಿಕ್ಕಿ ಯಳಂದೂರಿನಲ್ಲಿ ಮೊದಲ ಪೋಸ್ಟಿಂಗ್. ಹೊನ್ನೂರು ಕಡೆಯ ಹಳ್ಳಿಗಳಲ್ಲಿ ಮನೆಮನೆ ಸುತ್ತಿ, ಬೆನ್ನು ತೋರಿಸಿ, ಕೈ ತೋರಿಸಿ, ಸ್ಪರ್ಶವಿಲ್ಲದ ಮಚ್ಚೆ ಇದೆಯಾ ಎಂದು ಕೇಳುವ ಕೆಲಸ. ಅಪ್ಪ ಶಿವರುದ್ರಸ್ವಾಮಿಗೆ ಯಳಂದೂರಿನ ಪೇಟೆಯಲ್ಲಿ ಬೆಲ್ಲದ ಮಂಡಿ. ಮಗ ಸರ್ಕಾರಿ ನೌಕರ ಎಂದು ಎಲ್ಲರಿಗೂ ಹೇಳುತ್ತಿದ್ದರು, ಯಾವ ಇಲಾಖೆ ಎಂದು ಯಾರಿಗೂ ಹೇಳುತ್ತಿರಲಿಲ್ಲ. ಸಂಜೆ ಅವನು ಹಿತ್ತಲ ಬಾಗಿಲಿನಿಂದ ಬರಬೇಕು, ಬಾವಿಕಟ್ಟೆಯ ಹತ್ತಿರ ಬಟ್ಟೆ ಬಿಚ್ಚಿ ಸ್ನಾನ ಮಾಡಿ, ಇಷ್ಟಲಿಂಗಕ್ಕೆ ವಿಭೂತಿ ಹಚ್ಚಿ, ಆಮೇಲೆ ಒಳಗೆ. ಅವನ ತಟ್ಟೆ ಬೇರೆ ಹಲಗೆಯ ಮೇಲೆ ಇರುತ್ತಿತ್ತು. ಇದರ ಬಗ್ಗೆ ಮನೆಯಲ್ಲಿ ಒಂದು ದಿನವೂ ಮಾತಾಗಲಿಲ್ಲ. ಒಂದು ದಿನ ತಟ್ಟೆ ಬೇರೆ ಹಲಗೆಯ ಮೇಲಿತ್ತು, ಅಷ್ಟೆ. ಭಾನುವಾರ ಬಂದರೆ ಅವನು ಬೆಳಗ್ಗೆಯೇ ಮಾಂಬಳ್ಳಿ ದಾರಿಯ ಬಸ್ಸು ಹಿಡಿದು ಕೊಳ್ಳೇಗಾಲಕ್ಕೆ ಓಡುತ್ತಿದ್ದ, ರಂಗರಾಜು ಮೇಷ್ಟ್ರ ಹತ್ತಿರ ಗಿಟಾರ್ ಕಲಿಯಲು.

ಮೇಷ್ಟ್ರು ಎಂದು ಕರೆಯುತ್ತಿದ್ದವನು ಅವನೊಬ್ಬನೇ. ಉಳಿದವರಿಗೆ ಅವರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡುವ ರಂಗ. ಸಂಜೆ ಹೊತ್ತು ದೊಡ್ಡಸಿದ್ದಯ್ಯನ ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡುಗಳಿಗೆ ಗಿಟಾರ್ ಬಾರಿಸುವ ರಂಗ. ಅವರ ನಿಜವಾದ ಸಂಗೀತ ಒಂದು ಕ್ಯಾಸೆಟ್ಟಿನಲ್ಲಿತ್ತು. ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟಿದ್ದ ಯಾರೋ ಇಂಜಿನಿಯರು ರಿಪೇರಿಗೆ ಬಿಟ್ಟುಹೋದ ಟೇಪಿನ ಹೊಟ್ಟೆಯಲ್ಲಿ ಅದು ಸಿಕ್ಕಿಕೊಂಡಿತ್ತಂತೆ; ಆತ ಮತ್ತೆ ಬರಲಿಲ್ಲ. ಕವರಿಲ್ಲ, ಹೆಸರಿಲ್ಲ. ಇಂಗ್ಲಿಷರ ಯಾವುದೋ ಬ್ಯಾಂಡು. ಒಂದು ಬದಿಯ ತುಂಬ ಒಂದೇ ಹಾಡು, ಇಪ್ಪತ್ತು ನಿಮಿಷಕ್ಕಿಂತ ಉದ್ದ, ನಾಲ್ಕು ಭಾಗ. ಮುಂದೊಮ್ಮೆ ಮೈಸೂರಿನ ಅಂಗಡಿಯೊಂದರಲ್ಲಿ ಚನ್ನಬಸವ ಆ ಹಾಡನ್ನು ಗುನುಗಿ ಕೇಳಿದಾಗ, ಅಂಗಡಿಯವನು ಅದೇ ಬ್ಯಾಂಡಿನ ಕ್ಯಾಸೆಟ್ಟು ತೆಗೆದು ಧೂಳು ಒರೆಸುತ್ತ, "ಪ್ರೋಗ್ರೆಸಿವ್ ರಾಕು, ಎಪ್ಪತ್ತರ ದಶಕದ್ದು, ಈಗ ಯಾರೂ ಕೇಳಲ್ಲ" ಅಂದಿದ್ದ. ಮೇಷ್ಟ್ರಿಗೆ ಅದೊಂದೂ ಗೊತ್ತಿರಲಿಲ್ಲ. ಮೊದಲ ಸಲ ಕೇಳಿದ ದಿನ ಅವರು ಅಂಗಡಿ ಮುಚ್ಚಿ ಮರಡಿಗುಡ್ಡದ ಮೇಲೆ ಹೋಗಿ ಕೂತುಬಿಟ್ಟಿದ್ದರಂತೆ. "ಇಷ್ಟು ದಿಸ ನಾನು ಬಾರುಸ್ತಿದ್ದುದು ಏನು ಅಂತ ನಾಚ್ಕೆ ಆಗೋಯ್ತು ಕಣ್ಲಾ" ಅನ್ನುತ್ತಿದ್ದರು.

ಬರೆದ ಸ್ವರವಿಲ್ಲ, ಪುಸ್ತಕವಿಲ್ಲ. ಟೇಪಿನ ಮೋಟಾರಿನ ಹಿಂಬದಿಯಲ್ಲಿ ಒಂದು ಸಣ್ಣ ತೂತು. ಅದರೊಳಗೆ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದರೆ ಟೇಪು ನಿಧಾನವಾಗುತ್ತಿತ್ತು. ಹಾಡುವವನ ದನಿ ಎತ್ತಿನ ಗೊರಕೆಯಂತಾಗಿ ಕೆಳಗಿಳಿಯುತ್ತಿತ್ತು. ಮೇಷ್ಟ್ರು ಗಿಟಾರಿನ ತಂತಿಗಳನ್ನೂ ಅಷ್ಟೇ ಸಡಿಲಿಸಿ ಸ್ವರ ಕೂಡಿಸುತ್ತಿದ್ದರು. ನಾಲ್ಕು ಸೆಕೆಂಡು ಕೇಳುವುದು, ನಿಲ್ಲಿಸುವುದು, ಹಿಂದಕ್ಕೆ ಸುತ್ತುವುದು, ಮತ್ತೆ ಅದೇ ನಾಲ್ಕು ಸೆಕೆಂಡು. ಒಂದು ಭಾನುವಾರದಲ್ಲಿ ಒಂದು ಸಾಲು ಬಂದರೆ ಅದೇ ಹೆಚ್ಚು. ಮೂರನೆಯ ಭಾಗ ಏಳು ಪೆಟ್ಟಿನ ಲೆಕ್ಕದಲ್ಲಿತ್ತು. ಚನ್ನಬಸವ ಬಾಯಲ್ಲಿ ಎಣಿಸುತ್ತ ಪ್ರತಿ ಸಲ ಎಂಟಕ್ಕೆ ಹೋಗಿ ಬೀಳುತ್ತಿದ್ದ. "ಎಣುಸ್ಬೇಡ ಕಣ್ಲಾ ಬಸ್ವಾ. ನೆಟ್ಟಗೆ ನಡೀತಾ ಇರು, ಕೊನೇಲಿ ಒಂದೆಜ್ಜೆ ನುಂಗ್ಬುಡು. ಕುಂಟನ ನಡಿಗೆ ನೋಡಿಲ್ವಾ?" ಎಂದು ಮೇಷ್ಟ್ರು ಅಂಗಡಿಯ ಉದ್ದಕ್ಕೂ ಕುಂಟುತ್ತ ನಡೆದು ತೋರಿಸಿದರು. ಕಾಫಿ ತಂದ ಅವರ ಹೆಂಡತಿ ಗೋವಿಂದಮ್ಮ ಬಾಗಿಲಲ್ಲಿ ನಿಂತು ನಕ್ಕಿದ್ದಳು. ಮನೆಯಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುತ್ತಿದ್ದ ಅವಳ ಬೆರಳುಗಳು ಕುದಿನೀರಿಗೆ ಬೆಂದು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಆ ಲೋಟ ಹಿಡಿದರೆ ಗೂಡಿನ ವಾಸನೆ ಬರುತ್ತಿತ್ತು. ಅವಳು ಅವನಿಗೆ ಬೇರೆ ಲೋಟ ಇಟ್ಟಿರಲಿಲ್ಲ. ವಾರಕ್ಕೊಮ್ಮೆ ಎಲ್ಲರ ಜೊತೆಗಿನ ಲೋಟದಲ್ಲಿ ಕುಡಿಯುವುದಕ್ಕೇ ತಾನು ಅಲ್ಲಿಗೆ ಹೋಗುತ್ತಿದ್ದೆನೋ ಏನೋ ಎಂದು ಈಗ ಬಸ್ಸಿನಲ್ಲಿ ಅವನಿಗೆ ಅನ್ನಿಸಿತು. ಆಗ ಹಾಗನ್ನಿಸಿರಲಿಲ್ಲ. ಆಗ ಅವನಿಗೆ ಬೇಕಾಗಿದ್ದದ್ದು ನಾಲ್ಕನೆಯ ಭಾಗ.

ನಾಲ್ಕನೆಯ ಭಾಗದಲ್ಲಿ ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ ಗಿಟಾರ್ ಒಂದೇ ಉಳಿಯುತ್ತಿತ್ತು. ಎಡಗೈಯ ಕಿರುಬೆರಳು ಮೇಲಿನ ತಂತಿಯಲ್ಲಿ ಒಂದೇ ಸ್ವರವನ್ನು ಒತ್ತಿ ಹಿಡಿದಿರಬೇಕು. ಉಳಿದ ಮೂರು ಬೆರಳು ಕೆಳಗೆ ನಡೆಯಬೇಕು. ಕಿರುಬೆರಳು ಒಂದಿಷ್ಟು ಸಡಿಲಾದರೂ ಎಲ್ಲ ಕುಸಿಯುತ್ತಿತ್ತು. ಮೇಷ್ಟ್ರು ಅದನ್ನು ವರ್ಷಗಳಿಂದ ನುಡಿಸುತ್ತಿದ್ದವರು. ಆ ವರ್ಷದ ಬೇಸಿಗೆಯಲ್ಲಿ ಅವರಿಗೂ ಕುಸಿಯತೊಡಗಿತು. ತಂತಿ ಹಳೆಯದಾಗಿದೆ ಅಂದರು, ಬದಲಾಯಿಸಿದರು. ವಯಸ್ಸಾಯಿತು ಅಂದರು.

ಜೂನ್ ತಿಂಗಳ ಎರಡನೆಯ ಭಾನುವಾರ. ಮೇಷ್ಟ್ರು ಒಂದು ರೇಡಿಯೊ ಬಿಚ್ಚಿಕೊಂಡು ಬೆಸುಗೆ ಹಾಕುತ್ತ, ಚನ್ನಬಸವ ನುಡಿಸುವುದನ್ನು ಕೇಳಿಸಿಕೊಳ್ಳುತ್ತಿದ್ದರು. ಕಾದ ಕಡ್ಡಿ ಬಲಗೈಯಲ್ಲಿ, ಎಡಗೈ ಬೋರ್ಡನ್ನು ಹಿಡಿದಿತ್ತು. "ತಡ ಆಯ್ತು, ತಡ ಆಯ್ತು, ಎಜ್ಜೆ ನುಂಗು" ಎಂದು ತಲೆಯಾಡಿಸುತ್ತಿದ್ದರು. ಒಂದು ವಾಸನೆ ಬಂತು. ಚನ್ನಬಸವ ತಲೆಯೆತ್ತಿದಾಗ ಕಡ್ಡಿಯ ತುದಿ ಅವರ ಎಡಗೈ ಕಿರುಬೆರಳಿನ ಬದಿಗೆ ತಾಗಿಕೊಂಡಿತ್ತು. ಸಣ್ಣಗೆ ಹೊಗೆ ಏಳುತ್ತಿತ್ತು. ಮೇಷ್ಟ್ರು ಹಾಡಿನ ಲೆಕ್ಕಕ್ಕೆ ತಲೆಯಾಡಿಸುತ್ತಲೇ ಇದ್ದರು. ಎಷ್ಟು ಹೊತ್ತು? ಎರಡು ಸುತ್ತು, ಹದಿನಾಲ್ಕು ಪೆಟ್ಟು. ಚನ್ನಬಸವ ನುಡಿಸುವುದನ್ನು ನಿಲ್ಲಿಸಲಿಲ್ಲ. ಇದನ್ನು ಅವನು ಆಮೇಲೆ ಎಷ್ಟು ಸಲ ನೆನೆದಿದ್ದಾನೆ: ಕೂಗಲಿಲ್ಲ, ಎದ್ದು ಕಡ್ಡಿ ಎಳೆಯಲಿಲ್ಲ, ನುಡಿಸುತ್ತಲೇ ಇದ್ದ. ಯಾಕೆಂದರೆ ಆ ಹದಿನಾಲ್ಕು ಪೆಟ್ಟು ಅವನಿಗೆ ಮೊದಲ ಬಾರಿ ಸರಿಯಾಗಿ ಬಂದಿತ್ತು.

ಅಂಗಿಯ ತೋಳು ಮೇಲೆ ಸರಿದಾಗ ಮೊಳಕೈಯ ಹಿಂದೆ ನಸುಬಣ್ಣದ ಮಚ್ಚೆಯೂ ಕಂಡಿತು. ಆರು ತಿಂಗಳ ತರಬೇತಿ ಮುಗಿಸಿ ಬಂದವನಿಗೆ ಅಷ್ಟು ಸಾಕಿತ್ತು. ಮುಂದಿನ ಭಾನುವಾರ ಅವನು ಆಟವೆಂಬಂತೆ, "ಮೇಷ್ಟ್ರೇ ಕಣ್ಣು ಮುಚ್ಚಿ, ಒಂದು ಪರೀಕ್ಷೆ ಮಾಡ್ತೀನಿ" ಎಂದು ಅವರ ಎಡಗೈ ತೆಗೆದುಕೊಂಡ. ಪೆನ್ನಿನ ತುದಿಯಿಂದ ಮುಟ್ಟಬೇಕು, ಮುಟ್ಟಿದ ಜಾಗವನ್ನು ರೋಗಿ ಬೆರಳಿಟ್ಟು ತೋರಿಸಬೇಕು. ತರಬೇತಿಯಲ್ಲಿ ಕಲಿಸಿದ್ದು ಹಾಗೆ. ಅವನು, "ಮುಟ್ಟಿದಾಗ ಹೂಂ ಅನ್ನಿ, ಸಾಕು" ಅಂದ. ಹೆಬ್ಬೆರಳು, ಹೂಂ. ತೋರುಬೆರಳು, ಹೂಂ. ಉಂಗುರದ ಬೆರಳು, ಹೂಂ. ಕಿರುಬೆರಳು, ಹೂಂ. ಒಂದು ಕ್ಷಣ ಅವನ ಎದೆ ಹಗುರಾಯಿತು. ಆಮೇಲೆ ತಾನು ಒಂದೇ ಲಯದಲ್ಲಿ ಮುಟ್ಟುತ್ತಿದ್ದೇನೆ ಅನ್ನುವುದು ಅವನಿಗೆ ಹೊಳೆಯಿತು. ಪೆನ್ನನ್ನು ಗಾಳಿಯಲ್ಲೇ ತಡೆದು ಹಿಡಿದ. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ, ಸರಿಯಾದ ಪೆಟ್ಟಿಗೆ, "ಹೂಂ" ಅಂದರು. ಮುಂದಿನ ಪೆಟ್ಟಿಗೂ ಅಂದರು. ಕಣ್ಣು ಬಿಟ್ಟು, "ಪಾಸಾ ಫೇಲಾ?" ಎಂದು ನಕ್ಕರು.

"ಪಾಸು, ಮೇಷ್ಟ್ರೇ."

ಆ ಮಾತು ಯಾಕೆ ಬಂತು ಎನ್ನುವುದಕ್ಕೆ ಅವನ ಹತ್ತಿರ ಹಲವು ಉತ್ತರಗಳಿದ್ದವು. ಹೇಳಿದರೆ ದೊಡ್ಡಸಿದ್ದಯ್ಯ ಅವರನ್ನು ಕಿತ್ತುಹಾಕುತ್ತಾನೆ, ಅಂಗಡಿಗೆ ಯಾರೂ ಬರುವುದಿಲ್ಲ ಎಂದು ಯೋಚಿಸಿದೆ ಅಂದುಕೊಳ್ಳುತ್ತಿದ್ದ. ಅದೂ ಇತ್ತು. ಅಪ್ಪನಿಗೆ ಗೊತ್ತಾದರೆ ತಟ್ಟೆಯಷ್ಟೇ ಅಲ್ಲ, ಕೋಣೆಯೂ ಬೇರೆಯಾಗುತ್ತದೆ ಎಂಬ ಭಯವೂ ಇತ್ತು. ಮೇಷ್ಟ್ರು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದ, ತಂತಿ ಮೀಟುವ ಬಿಲ್ಲೆಯನ್ನು ಅವನೂ ಬಾಯಲ್ಲಿ ಇಟ್ಟುಕೊಂಡಿದ್ದ; ತನಗೂ ಅಂಟಿರಬಹುದೇ ಎಂಬ ಅಳುಕೂ ಇತ್ತು. ಆದರೆ ಎಲ್ಲದರ ಕೆಳಗೆ, ಕೊಳದ ತಳದ ಕೆಸರಿನಂತೆ, ಇದ್ದದ್ದು ಇಷ್ಟೆ: ನಾಲ್ಕನೆಯ ಭಾಗ ಇನ್ನೂ ಬಂದಿರಲಿಲ್ಲ. ಅದು ಬರಲಿ, ಆಮೇಲೆ ಹೇಳೋಣ. ಮುಂದಿನ ಭಾನುವಾರ. ಅದರ ಮುಂದಿನ ಭಾನುವಾರ. ಹೇಳಿದ್ದರೆ ಅಂದೇ ಮಾತ್ರೆ ಶುರುವಾಗುತ್ತಿತ್ತು, ನರ ಊದಿದ್ದರೂ ಅದಕ್ಕೂ ಔಷಧಿ ಇತ್ತು, ಬೆರಳು ಉಳಿಯುತ್ತಿತ್ತು. ಅವನು ಹೊನ್ನೂರಿನಲ್ಲಿ ಮೂವರಿಗೆ ಹಾಗೆ ಉಳಿಸಿದ್ದ, ಅದೇ ತಿಂಗಳುಗಳಲ್ಲಿ. ಭಾನುವಾರ ಮಾತ್ರ ಜೇಬಿನಲ್ಲಿ ಡೆಟಾಲಿನಲ್ಲಿ ಅದ್ದಿದ ಕರವಸ್ತ್ರ ಇಟ್ಟುಕೊಂಡು ಹೋಗಿ, ಮೇಷ್ಟ್ರ ಗಿಟಾರ್ ಕೈಗೆ ಬಂದೊಡನೆ ತಂತಿಗಳನ್ನು ಒಂದೊಂದಾಗಿ ಒರೆಸಿ ಆಮೇಲೆ ನುಡಿಸುತ್ತಿದ್ದ. ತಂತಿ ಒರೆಸುವುದರಿಂದ ಏನೂ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಇಲಾಖೆಯ ಕರಪತ್ರದಲ್ಲಿ ಅದೇ ಅಚ್ಚಾಗಿತ್ತು, ಅವನೇ ಹಂಚುತ್ತಿದ್ದ.

ಫೆಬ್ರವರಿಯಲ್ಲಿ ಹನೂರಿನಲ್ಲೊಂದು ಆರತಕ್ಷತೆ. ಸಂಜೆ ಆರ್ಕೆಸ್ಟ್ರಾ. ಮೇಷ್ಟ್ರು ಕರೆದಿದ್ದರೆಂದು ಚನ್ನಬಸವನೂ ಹೋಗಿದ್ದ. ಎರಡನೆಯ ಹಾಡಿಗೇ ಮೇಷ್ಟ್ರ ಕೈ ತಪ್ಪಿತು. ಉಂಗುರದ ಬೆರಳೂ ಕಿರುಬೆರಳೂ ಒಳಕ್ಕೆ ಮುದುಡಿಕೊಂಡಿದ್ದು ಮುಂದಿನ ಸಾಲಿನಿಂದ ಅವನಿಗೆ ಕಾಣುತ್ತಿತ್ತು. ಹಿಂದಿನಿಂದ ಶಿಳ್ಳೆ. ಮೂರನೆಯ ಹಾಡಿಗೆ ಹಾಡುವ ಹುಡುಗಿ ಮಧ್ಯದಲ್ಲೇ ನಿಂತು ಮೇಷ್ಟ್ರ ಕಡೆ ತಿರುಗಿ ನೋಡಿದಳು. ದೊಡ್ಡಸಿದ್ದಯ್ಯ ವೇದಿಕೆಯ ಬದಿಗೆ ಕರೆದು, ಮೈಕಿಗೆ ಕೇಳುವಷ್ಟು ಹತ್ತಿರದಲ್ಲೇ, "ಕುಡ್ದು ಬಂದಿದ್ದೀಯೇನ್ಲಾ ರಂಗ? ಯಾರ ಮರ್ವಾದೆ ಕಳೀತಿದ್ದೀಯ?" ಅಂದ. ಜನ್ಮದಲ್ಲಿ ಕುಡಿಯದ ಮೇಷ್ಟ್ರು ತಮ್ಮ ಕೈಯನ್ನೇ ನೋಡಿಕೊಂಡರು. ದೊಡ್ಡಸಿದ್ದಯ್ಯನ ಕಣ್ಣು ಚನ್ನಬಸವನ ಮೇಲೆ ಬಿತ್ತು. "ನೀನು ಇವ್ನ ತಾವ ಕಲಿಯೋನಲ್ವಾ? ಅತ್ತು ಮ್ಯಾಕೆ." ಇಲ್ಲ ಅನ್ನಬಹುದಿತ್ತು. ಅವನು ಹತ್ತಿದ. ಮೇಷ್ಟ್ರೇ ಗಿಟಾರಿನ ಪಟ್ಟಿಯನ್ನು ಅವನ ಕೊರಳಿಗೆ ಹಾಕಿದರು. ಅವನ ಕೈ ತಾನಾಗಿ ಜೇಬಿಗೆ ಹೋಯಿತು, ಕರವಸ್ತ್ರ ಬಂತು, ಅಷ್ಟು ಜನರೆದುರು, ವೇದಿಕೆಯ ದೀಪದಲ್ಲಿ, ಅವನು ಆರೂ ತಂತಿಗಳನ್ನು ಒರೆಸಿದ. ಮೇಷ್ಟ್ರು ಅದನ್ನು ನೋಡಿದರು. ಅವರ ಕಣ್ಣಲ್ಲಿ ನೀರು ಬಂತು. ತಬಲದವನ ಕಡೆ ತಿರುಗಿ, "ನೋಡ್ರಪ್ಪ, ಒರೆಸ್ಕಂಡು ಮುಟ್ತಾನೆ. ವಿದ್ಯೆ ಅಂದ್ರೆ ದೇವ್ರು ಅನ್ನೋ ಭಕ್ತಿ ಅದು" ಅಂದರು.

ಅವನು ಆ ಸಂಜೆ ತಪ್ಪಿಲ್ಲದೆ ನುಡಿಸಿದ. ಮತ್ತೆ ಅಂಗಡಿಗೆ ಹೋಗಲಿಲ್ಲ. ಅದಕ್ಕೆ ಹಿಂದಿನ ಭಾನುವಾರವೇ ನಾಲ್ಕನೆಯ ಭಾಗ ಅವನಿಗೆ ಬಂದಿತ್ತು.

ಬಸ್ಸು ಕೊಳ್ಳೇಗಾಲ ತಲುಪಿದಾಗ ಹನ್ನೊಂದೂವರೆ. ಪಟ್ಟಿಯ ಮೊದಲಿನ ಹತ್ತು ಮನೆಗಳನ್ನು ಅವನು ಬೇಕೆಂದೇ ನಿಧಾನ ಮಾಡಿದ. ಮೇಷ್ಟ್ರ ಅಂಗಡಿಯಿದ್ದ ಜಾಗದಲ್ಲಿ ಈಗ ಎಸ್‌ಟಿಡಿ ಬೂತು. ಮನೆ ಅದೇ, ನೇಕಾರರ ಬೀದಿಯ ಹಿಂದಿನ ಸಂದಿಯಲ್ಲಿ. ಹೊರಗಿನಿಂದಲೇ ಬೇಯುವ ಗೂಡಿನ ವಾಸನೆ, ಚರಕ ತಿರುಗುವ ಸದ್ದು. ಹಬೆಯ ಆಚೆ ಗೋವಿಂದಮ್ಮ ಕುಳಿತಿದ್ದಳು; ತಲೆ ಪೂರ್ತಿ ನರೆತಿತ್ತು. ಜಗಲಿಯ ಮೇಲೆ ಮೇಷ್ಟ್ರು. ಎಡಗೈ ಟವೆಲ್ಲಿನ ಕೆಳಗೆ. ಅವನ ಕೈಯ ರಿಜಿಸ್ಟರು ನೋಡಿ ಅವರು ಎದ್ದು ನಿಂತರು, "ಬನ್ನಿ ಸಾ" ಅಂದರು, ಗುರುತು ಹತ್ತಿದ ಮೇಲೂ ಕುಳಿತುಕೊಳ್ಳಲಿಲ್ಲ.

"ಬಸವಣ್ಣೋರು! ನೋಡೆ, ಯಾರು ಬಂದವ್ರೆ. ಆಪೀಸರ್ ಆಗವ್ರೆ."

"ಆಫೀಸರ್ ಏನಲ್ಲ ಮೇಷ್ಟ್ರೇ. ಕೂತ್ಕೊಳ್ಳಿ. ನನ್ನ ಹೋಗು ಬಾ ಅನ್ನಿ."

"ಎಂಗನ್ನದು ಸಾ. ಸರ್ಕಾರ್ದೋರು ನೀವು."

ಚಪ್ಪಲಿಯ ಪಟ್ಟಿಯನ್ನು ಮುದುಡಿದ ಬೆರಳುಗಳಿಂದ ಸಿಕ್ಕಿಸಲು ಮೇಷ್ಟ್ರಿಗೆ ಆಗಲಿಲ್ಲ. ಚನ್ನಬಸವ ನೆಲದ ಮೇಲೆ ಕುಳಿತು ಅವರ ಪಾದ ಎತ್ತಿ ತೊಡೆಯ ಮೇಲಿಟ್ಟುಕೊಂಡ. ಹಿಮ್ಮಡಿಯಲ್ಲಿ ಹಳೆಯ ಹುಣ್ಣಿನ ಗುಳಿ. ಗುರುಸೇವೆ ಮಾಡುತ್ತಿರುವವನಂತೆ ತಾನು ಕಾಣುತ್ತಿದ್ದೇನೆ ಎಂಬ ಅರಿವಿನಿಂದ ಅವನ ಕಿವಿ ಬಿಸಿಯಾಯಿತು. ಮೇಷ್ಟ್ರ ಮುಖದ ಮೇಲೆ ಹನೂರಿನ ವೇದಿಕೆಯ ಆ ಸಂಜೆಯದೇ ಹೆಮ್ಮೆ. "ಆ ಉದ್ದುನ್ ಹಾಡು, ಅದ್ರ ಕೊನೇ ಭಾಗ, ಈಗ್ಲೂ ನುಡುಸ್ತೀರಾ?" ಎಂದು ಕೇಳಿದರು. ಗಿಟಾರ್ ಮುಟ್ಟಿ ಏಳು ವರ್ಷವಾಗಿತ್ತು. ನುಡಿಸ್ತೀನಿ ಅಂದ. "ಅಷ್ಟು ಸಾಕು. ನನ್ನ ಕೈಲಿ ಓದ್ರೂ ಒಂದ್ ಕೈಲಿ ಉಳ್ಕಂಡದಲ್ಲ" ಎಂದ ಮೇಷ್ಟ್ರು ದನಿ ತಗ್ಗಿಸದೆ, ಒಳಗೆ ಹಬೆಯ ಕಡೆ ಗಲ್ಲ ತೋರಿಸಿ, "ಈ ಪುಣ್ಯಾತ್ಗಿತ್ತಿ ಇಲ್ದಿದ್ರೆ ಕೈ ಓಯ್ತಿರ್ಲಿಲ್ಲ. ಬೆಳ್ಳು ಸುಟ್ಟ ಗಾಯ ಮಾಯ್ನಿಲ್ಲ ಅಂದಾಗ ಆಸ್ಪತ್ರೆಗೋಯ್ತೀನಿ ಅಂದೆ. ಬ್ಯಾಡ, ಸೊಪ್ಪು ಕಟ್ತೀನಿ ಅಂದ್ಳು. ಆರು ತಿಂಗ್ಳು ಸೊಪ್ಪು ಕಟ್ಟುದ್ಳು. ಡಾಕ್ಟ್ರು ಅಂದ್ರು, ಆರು ತಿಂಗ್ಳು ಮುಂಚೆ ಬಂದಿದ್ರೆ ಅಂತ. ಸೊಪ್ಪು ಕಟ್ಟಿ ನನ್ನ ಸಾಯಿಸ್ಬುಟ್ಳು" ಅಂದರು. ಅದು ಹೊಸದಾಗಿ ಹೇಳಿದ ಮಾತಲ್ಲ. ದಿನಾ ಹೇಳಿ ಹೇಳಿ ನುಣ್ಣಗಾದ ಮಾತು. ಚರಕದ ಸದ್ದು ನಿಲ್ಲಲಿಲ್ಲ. ಗೋವಿಂದಮ್ಮ ತಲೆಯೆತ್ತಲಿಲ್ಲ.

ಚನ್ನಬಸವ ಇನ್ನೊಂದು ಚಪ್ಪಲಿಯ ಪಟ್ಟಿ ಬಿಗಿದ. ಏಳು ವರ್ಷ ತಾನೊಬ್ಬನೇ ಹೊತ್ತಿದ್ದೇನೆ ಅಂದುಕೊಂಡಿದ್ದದ್ದನ್ನು ಈ ಹೆಂಗಸು ಈ ಹಬೆಯಲ್ಲಿ ದಿನಾ ಹೊತ್ತಿದ್ದಳು. ಅವನದು ಒಳಗಿನ ನೋವು. ಬಿಡುವಿದ್ದಾಗ ತೆಗೆದು ನೋಡಿ ಮತ್ತೆ ಇಡಬಹುದಾದಂಥದ್ದು. ಅವಳದು ಬೆಳಗ್ಗೆಯ ಕಾಫಿಯ ಜೊತೆ, ಮಧ್ಯಾಹ್ನದ ಮುದ್ದೆಯ ಜೊತೆ ಕೇಳಿಸಿಕೊಳ್ಳಬೇಕಾದದ್ದು. ಈಗ ಹೇಳಬೇಕು ಎಂದು ಅವನಿಗೆ ಅನ್ನಿಸಿತು. ರಿಜಿಸ್ಟರು ಚಾಚಿದ, ಮೇಷ್ಟ್ರು ಬಲಗೈಯಲ್ಲಿ ಸಹಿ ಹಾಕಿದರು. "ಬರ್ತೀನಿ ಮೇಷ್ಟ್ರೇ" ಅಂದ. ಸಂದಿ ದಾಟುವ ಮೊದಲೇ ಹಿಂದಿನಿಂದ ಹೆಜ್ಜೆ ಕೇಳಿಸಿತು.

ಗೋವಿಂದಮ್ಮ ಒದ್ದೆ ಕೈ ಸೀರೆಗೆ ಒರೆಸಿಕೊಳ್ಳುತ್ತ ನಿಂತಳು. "ಒಂದ್ ಮಾತು ಕೇಳ್ಬೇಕಿತ್ತು. ನೀವು ಅದ್ನೇ ಓದ್ದೋರು. ಸೊಪ್ಪು ಕಟ್ದೆ ಆಸ್ಪತ್ರೆಗೆ ಕಳ್ಸಿದ್ರೆ ಕೈ ಉಳೀತಿತ್ತಾ? ನಿಜ ಯೋಳಿ. ನಂಗೇನೂ ಬೇಜಾರಿಲ್ಲ, ತಿಳ್ಕಳಕ್ಕೆ ಅಷ್ಟೇಯಾ."

ಹೇಳಲಾಗುವುದಿಲ್ಲ ಅಕ್ಕ ಎಂಬ ಮಾತು ಅವನ ಬಾಯಿಗೆ ಸಿದ್ಧವಾಗಿ ಬಂದಿತ್ತು. ರೋಗಿಗಳ ಮನೆಯವರಿಗೆ ಹೇಳಿ ರೂಢಿಯಾದದ್ದು. ಅವಳ ಬೆಂದ ಬೆರಳುಗಳು ಸೆರಗಿನ ತುದಿಯನ್ನು ಸುತ್ತುತ್ತಿದ್ದವು. "ಉಳೀತಿತ್ತು" ಅಂದ. ಅವಳ ಮುಖ ಹಾಗೇ ಇತ್ತು. "ನಿಮ್ಮ ತಪ್ಪಲ್ಲ ಅಕ್ಕ. ನೀವು ಸೊಪ್ಪು ಕಟ್ಟೋಕೆ ಮುಂಚೆ ನಂಗೆ ಗೊತ್ತಿತ್ತು. ಬೆರಳು ಸುಟ್ಟ ದಿನಾನೇ." ಆಮೇಲೆ ನಿಲ್ಲಿಸಲಾಗಲಿಲ್ಲ. ಪೆನ್ನಿನ ಪರೀಕ್ಷೆ, ಪಾಸು ಅಂದದ್ದು, ಹಾಡಿನ ಕೊನೆಯ ಭಾಗ, ಡೆಟಾಲಿನ ಕರವಸ್ತ್ರ, ತಂತಿ ಒರೆಸಿದ್ದು ಯಾತಕ್ಕೆ ಅನ್ನುವುದು, ಎಲ್ಲವನ್ನೂ ಗೋಡೆಯ ಕಡೆ ನೋಡುತ್ತ ಹೇಳಿದ. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದ. ಅವಳು ಸೆರಗಿನ ತುದಿಯನ್ನು ಬಿಟ್ಟು, "ಬನ್ನಿ" ಅಂದಳು. "ಒಳಕ್ಕೆ ಬನ್ನಿ. ನಂಗೆ ಯೋಳಿದ್ದ ಅವ್ರ ಮುಂದೆ ಯೋಳಿ. ಒಂದೇ ಸಲ ಯೋಳಿ ಸಾಕು."

ಅವಳ ಹಿಂದೆ ನಡೆಯುತ್ತ ಅವನಿಗೆ ಭಯಕ್ಕಿಂತ ಹೆಚ್ಚಾಗಿ ಒಂದು ಬಗೆಯ ಹಿಗ್ಗು ಇತ್ತು. ಕೊನೆಗೂ ಯಾರೋ ತನ್ನನ್ನು ಎಳೆದುಕೊಂಡು ಹೋಗುತ್ತಿದ್ದಾರೆ. ಮೇಷ್ಟ್ರು ಹೊಸ ಚಪ್ಪಲಿಯಲ್ಲಿ ಜಗಲಿಯ ಉದ್ದಕ್ಕೂ ನಡೆದು ನೋಡುತ್ತಿದ್ದರು.

"ಮೇಷ್ಟ್ರೇ, ಅಕ್ಕನ ತಪ್ಪಲ್ಲ. ನಿಮ್ಮ ಕಾಯಿಲೆ ನಂಗೆ ಜೂನ್ ತಿಂಗಳಲ್ಲೇ ಗೊತ್ತಿತ್ತು. ಬೆಸುಗೆ ಕಡ್ಡಿ ತಾಗಿದ ದಿನ. ನಾನು ಹೇಳಲಿಲ್ಲ."

ಮೇಷ್ಟ್ರು ಅವನನ್ನು ನೋಡಲೇ ಇಲ್ಲ. ನೇರ ಹೆಂಡತಿಯ ಕಡೆ ತಿರುಗಿದರು. "ಬೀದೀಲಿ ನಿಲ್ಲಿಸ್ಕಂಡು ಏನ್ ಯೋಳ್ಕೊಟ್ಟೆ ಇವ್ರಿಗೆ?"

"ಅಕ್ಕ ಏನೂ ಹೇಳಿಕೊಡಲಿಲ್ಲ ಮೇಷ್ಟ್ರೇ. ನನ್ನ ಕಣ್ಣಾರೆ ನೋಡಿದೆ. ಹೊಗೆ ಬಂತು, ವಾಸನೆ ಬಂತು, ನಿಮಗೆ ಗೊತ್ತಾಗಲಿಲ್ಲ."

"ಬೋರ್ಡು ಸುಟ್ರೆ ವಾಸ್ನೆ ಬರ್ದೇ ಇನ್ನೇನು? ಸಾ, ನೀವು ದೊಡ್ಡ ಮನ್ಸು ಮಾಡಿ ಇವ್ಳ ತಪ್ಪ ಮ್ಯಾಲಾಕ್ಕಳಕ್ಕೆ ಓಯ್ತಿದ್ದೀರಿ. ನಂಗರ್ಥ ಆಯ್ತದೆ." ಅವರ ಟವೆಲ್ಲು ಜಾರಿ ಎಡಗೈ ಬಯಲಾಗಿತ್ತು. "ಲೇ, ಇವ್ನು ನನ್ನ ತಂತಿ ಒರೆಸ್ಕಂಡು ಮುಟ್ಟಿದ ಉಡ್ಗ ಕಣೆ! ಊರೆಲ್ಲಾ ನನ್ನ ಕುಡುಕ ಅಂದಾಗ, ಆರ್ಕೆಸ್ಟ್ರಾದೋರು ಬಾಗ್ಲಾಕ್ದಾಗ, ಅದೊಂದ ನೆನುಸ್ಕಂಡು ಉಳ್ದೋನು ನಾನು. ಅವ್ನ ಬಾಯಲ್ಲಿ ಸುಳ್ಳು ಯೋಳುಸ್ತೀಯಾ? ಅವ್ನ ಬಾಯಲ್ಲಿ?"

ಗೋವಿಂದಮ್ಮ ಚನ್ನಬಸವನನ್ನು ನೋಡಿದಳು. ಇನ್ನೊಂದು ಮಾತು, ತಂತಿ ಒರೆಸಿದ್ದು ಯಾತಕ್ಕೆ ಅನ್ನುವುದು, ಉಳಿದಿದೆ ಎಂದು ಅವಳಿಗೆ ಗೊತ್ತಿತ್ತು. ಎರಡು ನಿಮಿಷದ ಹಿಂದಷ್ಟೇ ಕೇಳಿದ್ದಳು. ಆ ಮಾತಾಡಿದರೆ ಮೇಷ್ಟ್ರು ನಂಬುತ್ತಾರೆ. ಅವಳು ಹೇಳಿದರೆ ನಂಬುವುದಿಲ್ಲ, ಅವನು ಹೇಳಿದರೆ ನಂಬಲೇಬೇಕು. ಅವಳು ಕಾಯುತ್ತಿದ್ದಳು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಚನ್ನಬಸವ ಬಾಯಿ ತೆರೆದ. ಎದುರಿಗೆ ಮೇಷ್ಟ್ರ ಮುಖ, ಗಡ್ಡದ ಬಿಳಿ ಕೂಳೆ, ಬೇಡುತ್ತಿರುವ ಕಣ್ಣು. ಇವರಿಗೆ ಉಳಿದಿರುವುದು ಇದೊಂದೇ, ಇದನ್ನೂ ಕಿತ್ತುಕೊಳ್ಳುವುದೇ ಎಂದು ಅವನ ಮನಸ್ಸು ಹೇಳಿತು, ತುಂಬ ಮೆತ್ತಗೆ, ತುಂಬ ಕರುಣೆಯಿಂದ. ಆ ಕರುಣೆಯ ದನಿ ಅವನಿಗೆ ಹೊಸದಾಗಿರಲಿಲ್ಲ. ಪಾಸು ಅಂದದ್ದೂ ಇದೇ ದನಿ.

"ಬಿಡಿ ಮೇಷ್ಟ್ರೇ" ಅಂದ.

ಅಂದ ಕೂಡಲೇ ಮೈಯೆಲ್ಲ ಸಡಿಲಾಯಿತು. ತಡೆಯಲು ಆಗುವ ಮೊದಲೇ ಉಸಿರು ಹೊರಗೆ ಬಂತು, ಉದ್ದಕ್ಕೆ, ಭಾರ ಇಳಿಸಿದವನ ಉಸಿರು. ಮೇಷ್ಟ್ರು ಅದನ್ನು ಗಮನಿಸಲಿಲ್ಲ, ಟವೆಲ್ಲು ಹುಡುಕುತ್ತಿದ್ದರು. ಗೋವಿಂದಮ್ಮ ಗಮನಿಸಿದಳು. ಅವಳ ಕಣ್ಣು ಅವನ ಮುಖದಿಂದ ಕದಲಲಿಲ್ಲ, ಅದರಲ್ಲಿ ಸಿಟ್ಟೂ ಇರಲಿಲ್ಲ. ಗೂಡು ಕೊಳೆತಿದೆಯೋ ಇಲ್ಲವೋ ಎಂದು ಬೆರಳಲ್ಲಿ ಒತ್ತಿ ನೋಡಿ ಬದಿಗಿಡುವವಳ ನೋಟ.

"ಬಸ್ಸಿಗೊತ್ತಾಯ್ತದೆ, ಓಗಿ ಸಾ" ಅಂದಳು.

ಬಗ್ಗಿ ಟವೆಲ್ಲು ಎತ್ತಿ ಗಂಡನ ಕೈಮೇಲೆ ಹೊದಿಸಿದಳು. ಒಳಗೆ ಹೋಗಿ ಒಂದು ಮೊರದಷ್ಟು ಗೂಡುಗಳನ್ನು ಕುದಿಯುವ ನೀರಿಗೆ ಸುರಿದಳು, ಕುಳಿತಳು, ಎಳೆಯ ತುದಿ ಹುಡುಕಲು ಕೈ ಅದ್ದಿದಳು. ಜಗಲಿಯಿಂದ ಮೇಷ್ಟ್ರು ಆಗಲೇ ಮತ್ತೆ ಶುರು ಮಾಡಿದ್ದರು, ಸೊಪ್ಪು, ಆರು ತಿಂಗಳು, ಡಾಕ್ಟರು. ಚನ್ನಬಸವ ಖಾಲಿ ಚೀಲವನ್ನು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡು ಸಂದಿಯ ತುದಿಯವರೆಗೂ ಅದನ್ನು ಕೇಳಿಸಿಕೊಳ್ಳುತ್ತ ನಡೆದ.